ಹಾಜಿಯವರ ಹಾರ್ಡ್ ಡಿಸ್ಕ್

ಡಿಸ್ಕಿನ ಮೇಲಿನ ಚೀಟಿ ಓದುವುದನ್ನು ನಾನು ಯಾವಾಗ ಬಿಟ್ಟೆ ಎಂದು ಸರಿಯಾಗಿ ಹೇಳಲಾರೆ. ಬಿ.ಸಿ. ರೋಡಿನ ಆ ಕಂಪ್ಯೂಟರ್ ಅಂಗಡಿಗೆ ಸೇರಿದ ಮೊದಲ ವರ್ಷ ಪ್ರತಿ ಸಲವೂ ಓದುತ್ತಿದ್ದೆ. ಗಿರಾಕಿಯ ಡಿಸ್ಕ್ ಯಾವುದು, ಅಂಗಡಿಯ ಡಿಸ್ಕ್ ಯಾವುದು ಎಂದು ಪೆನ್ಸಿಲಿನಲ್ಲಿ ಬರೆದುಕೊಂಡು, ಪರದೆಯ ಮೇಲೆ ಇನ್ನೊಮ್ಮೆ ತಾಳೆ ನೋಡಿ, ಆಮೇಲೆ ಕೀಲಿ ಒತ್ತುತ್ತಿದ್ದೆ. ಮೂರನೆಯ ವರ್ಷಕ್ಕೆ ಕೈಗೇ ಎಲ್ಲ ತಿಳಿದಿದೆ ಎಂಬ ಧೈರ್ಯ ಬಂದಿತ್ತು. ಅಂಗಡಿಯ ಯಜಮಾನರು ಗಿರಾಕಿಗಳ ಎದುರು, "ಇವನ ಕೈಯಲ್ಲಿ ಒಂದು ಫೈಲೂ ಹೋಗುದಿಲ್ಲ" ಎಂದು ಹೇಳುವುದು ರೂಢಿಯಾಗಿತ್ತು. ನಾನು ಅದನ್ನು ನಂಬಿದ್ದೆ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷಗಳಾಗಿದ್ದವು. ಗಲ್ಫಿನಲ್ಲಿ ಯಾರಾದರೂ ಇದ್ದ ಮನೆಗಳಿಗೆಲ್ಲ ಆಗ ಕಂಪ್ಯೂಟರ್ ಬಂದಿತ್ತು. ಅವು ವರ್ಷದೊಳಗೆ ನಿಧಾನವಾಗುತ್ತಿದ್ದವು, ವೈರಸ್ ಹಿಡಿದು ತಾವಾಗಿ ಆಫ್ ಆಗುತ್ತಿದ್ದವು. ರಿಪೇರಿಗೆ ಬರುವ ಹೆಚ್ಚಿನವರು ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ ಹೋಗುತ್ತಿದ್ದರು. ಮನೆಯವರ ಫೋಟೋ, ಪತ್ರ ಎಲ್ಲ ಅದರೊಂದಿಗೆ ಹೋಗುತ್ತಿತ್ತು. ನಾವು ಹಾಗೆ ಮಾಡುತ್ತಿರಲಿಲ್ಲ. ಮೊದಲು ಅಂಗಡಿಯ ಒಂದು ಡಿಸ್ಕನ್ನು ಜೋಡಿಸಿ ಗಿರಾಕಿಯ ಡಿಸ್ಕನ್ನು ಇಡಿಯಾಗಿ ಅದಕ್ಕೆ ನಕಲು ಮಾಡಿಕೊಳ್ಳುವುದು, ಹೊಸ ವಿಂಡೋಸ್ ಹಾಕುವುದು, ಬೇಕಾದ ಫೈಲುಗಳನ್ನು ಮರಳಿ ತುಂಬುವುದು. ಇದು ನಮ್ಮ ಕ್ರಮ.

ಫರಂಗಿಪೇಟೆಯ ಹಾಜಿಯವರ ಮನೆಗೆ ಹೋದದ್ದು ಒಂದು ಬುಧವಾರ ಬೆಳಿಗ್ಗೆ. ಅವರಿಗೆ ಎಪ್ಪತ್ತರ ಹತ್ತಿರ. ಮೊದಲು ಮರದ ಮಿಲ್ಲಿನಲ್ಲಿ ದಿಮ್ಮಿಗಳ ಅಳತೆ ಬರೆಯುತ್ತಿದ್ದವರು. ಕಂಪ್ಯೂಟರನ್ನು ಸೌದಿಯ ಜುಬೈಲಿನಲ್ಲಿದ್ದ ಮಗ ಕೊಡಿಸಿದ್ದ. ಅದನ್ನು ಬಳಸಲು ಕಲಿಸಿದವರು ಸೊಸೆ. ಅವರು ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಟೀಚರ್.

"ಎಲ್ಲ ತೆಗೆದು ಹೊಸತು ಹಾಕ್ಬೇಕು ಅಂತ ಒಬ್ರು ಹೇಳಿದ್ರು. ಅದು ಆಗ್ಲಿಕ್ಕಿಲ್ಲ ಮಾರಾಯ್ರೆ," ಎಂದರು ಹಾಜಿಯವರು. "ಇದ್ರಲ್ಲಿ ನನ್ನ ಒಂದು ಕೆಲಸ ಉಂಟು."

"ಬ್ಯಾಕಪ್ ತೆಗಿಯದೆ ನಾನು ಎಂತದೂ ಮುಟ್ಟುದಿಲ್ಲ. ಹೆದರ್ಬೇಡಿ," ಎಂದೆ.

ಅವರು ಕುರ್ಚಿ ಎಳೆದು ಕುಳಿತು ಆ ಕೆಲಸವನ್ನು ತೆರೆದು ತೋರಿಸಿದರು. ಮಕ್ಕಳು ಚಿತ್ರ ಬಿಡಿಸುವ ಪೇಂಟ್‌ನಲ್ಲಿ ಮಾಡಿದ ನಕ್ಷೆ. ಸಾಲು ಸಾಲಾಗಿ ಸಣ್ಣ ಚೌಕಗಳು, ಪ್ರತಿ ಚೌಕದೊಳಗೆ ಕನ್ನಡದಲ್ಲಿ ಒಂದು ಹೆಸರು. ಅಲ್ಲಲ್ಲಿ ಒಂದು ಗೇರು ಮರ, ಒಂದು ಬಾವಿ, ಕಾಂಪೌಂಡಿನ ಪಾಗಾರದ ಗೆರೆ. ಅದು ಅವರ ಮಸೀದಿಯ ಖಬರಸ್ತಾನದ ನಕ್ಷೆ. ಅಲ್ಲಿನ ಹಳೆಯ ಕಬರ್‌ಗಳಿಗೆ ತಲೆ ಮತ್ತು ಕಾಲಿನ ಕಡೆ ಒಂದೊಂದು ಕಲ್ಲು ನೆಟ್ಟಿರುತ್ತಾರೆ, ಹೆಸರು ಕೆತ್ತಿರುವುದಿಲ್ಲ. ಯಾವುದು ಯಾರದ್ದು ಎಂಬುದು ಹಿರಿಯರ ಬಾಯಲ್ಲಿ ಮಾತ್ರ ಇತ್ತು. ಗಲ್ಫಿನಿಂದ ರಜೆಯಲ್ಲಿ ಬಂದವರು ತಂದೆಯ ಕಬರ್ ಎಲ್ಲಿ, ಅಜ್ಜಿಯದ್ದೆಲ್ಲಿ ಎಂದು ಕೇಳಿದರೆ ಇವರೇ ಹೋಗಿ ತೋರಿಸುತ್ತಿದ್ದರು.

"ನಲ್ವತ್ತು ವರ್ಷ ಕಬರ್ ತೋಡಿದವ್ರು ಒಬ್ರು ಇದ್ರು. ಅವ್ರನ್ನು ಕರ್ಕೊಂಡು ಹೋಗಿ ಒಂದೊಂದೇ ಕೇಳಿ ಚೀಟಿಯಲ್ಲಿ ಬರಿತಿದ್ದೆ. ಮನೆಗೆ ಬಂದು ಇದ್ರಲ್ಲಿ ಹಾಕುದು. ಕಳೆದ ರಂಜಾನಿಗೆ ಅವ್ರೂ ಹೋದ್ರು," ಎಂದರು. "ಹದಿನಾಲ್ಕು ಹಾಳೆ ಆಗಿದೆ. ಇನ್ನು ಒಂದು ಮೂಲೆ ಹಾಕ್ಲಿಕ್ಕೆ ಬಾಕಿ. ಅದೂ ಆದ ಮೇಲೆ ಒಟ್ಟಿಗೆ ಪ್ರಿಂಟ್ ತೆಗಿಯುವ ಅಂತ."

"ಆ ಚೀಟಿಗಳು ಉಂಟಾ?" ಎಂದು ಆಗ ನಾನು ಕೇಳಲಿಲ್ಲ. ಆಮೇಲೆ ತಿಳಿಯಿತು, ಕಂಪ್ಯೂಟರಿಗೆ ಹಾಕಿದ ಚೀಟಿಯನ್ನು ಅವರು ಇಟ್ಟುಕೊಳ್ಳುತ್ತಿರಲಿಲ್ಲ.

ನಾನು ಕ್ಯಾಬಿನೆಟ್ ಬಿಚ್ಚಿದೆ. ಅಂಗಡಿಯಿಂದ ತಂದ ಡಿಸ್ಕ್ ಚೀಲದಲ್ಲಿತ್ತು. ಎರಡೂ ಒಂದೇ ಕಂಪನಿಯವು, ಎರಡೂ ನಲವತ್ತು ಜಿ.ಬಿ. ನಮ್ಮ ಡಿಸ್ಕಿನಲ್ಲಿ ಹಿಂದಿನ ದಿನ ಬೇರೊಂದು ಕೆಲಸಕ್ಕೆ ಹಾಕಿದ್ದ ವಿಂಡೋಸ್ ಹಾಗೆಯೇ ಇತ್ತು. ಅದರ ಮೇಲೆಯೇ ಹಾಜಿಯವರದ್ದು ನಕಲಾದರೆ ಹಳೆಯದು ತಾನಾಗಿ ಅಳಿಯುತ್ತದೆ ಎಂದು ಖಾಲಿ ಮಾಡುವ ಗೋಜಿಗೆ ಹೋಗಿರಲಿಲ್ಲ. ಕೇಬಲ್ ಚುಚ್ಚಿ, ಫ್ಲಾಪಿಯಿಂದ ನಕಲು ಮಾಡುವ ಪ್ರೋಗ್ರಾಂ ಎಬ್ಬಿಸಿದೆ. ಅದು ಎರಡು ಪ್ರಶ್ನೆ ಕೇಳುತ್ತದೆ: ಯಾವುದರಿಂದ, ಯಾವುದಕ್ಕೆ. ಪರದೆಯಲ್ಲಿ ಡಿಸ್ಕ್ ಒಂದು, ಡಿಸ್ಕ್ ಎರಡು ಎಂದು ಕಾಣುತ್ತದೆ. ಎರಡರ ಎದುರೂ ಒಂದೇ ಅಳತೆ. ನಮ್ಮ ಡಿಸ್ಕ್ ಯಾವಾಗಲೂ ಎರಡನೆಯದು. ಆದರೆ ಆ ದಿನ ಕೇಬಲ್ಲಿನ ಉದ್ದ ಸಾಲದೆ ಎರಡನ್ನೂ ಅದಲು ಬದಲು ಮಾಡಿ ಚುಚ್ಚಿದ್ದೆ. ಚುಚ್ಚಿದ ಕೈ ನನ್ನದೇ. ಐದು ನಿಮಿಷದಲ್ಲಿ ಮರೆತೆ. ಒಳಗೆ ಏನಿದೆ ಎಂದು ತೋರಿಸುವ ಇನ್ನೊಂದು ಪುಟವಿತ್ತು; ಅದನ್ನು ತೆರೆಯಲಿಲ್ಲ. ಹನ್ನೆರಡೂವರೆಯ ಬಸ್ಸಿಗೆ ಬೆಳ್ತಂಗಡಿಯ ಒಬ್ಬ ಗಿರಾಕಿಯಲ್ಲಿಗೆ ಹೋಗುವುದಿತ್ತು. ಎರಡನೆಯ ಡಿಸ್ಕಿನಲ್ಲಿರುವುದೆಲ್ಲ ಅಳಿಯುತ್ತದೆ, ಮುಂದುವರಿಯಬೇಕೇ ಎಂದು ಪ್ರೋಗ್ರಾಂ ಕೇಳಿತು. ಹೌದು ಎಂದು ಒತ್ತಿದೆ.

"ಎಷ್ಟು ಹೊತ್ತು ಉಂಟು?" ಎಂದು ಕೇಳಿದರು ಹಾಜಿಯವರು.

"ಅರ್ಧ ಗಂಟೆ."

ಸೊಸೆ ಚಹಾ ತಂದರು. ಅಂದು ಶಾಲೆಗೆ ರಜೆ. ಅರ್ಧ ಲೋಟ ಕುಡಿದು ಪರದೆ ನೋಡಿದೆ. ಗೆರೆ ಅರ್ಧಕ್ಕಿಂತ ಮುಂದೆ ಹೋಗಿತ್ತು. ಮೂರು ನಿಮಿಷವೂ ಆಗಿರಲಿಲ್ಲ. ಹಾಜಿಯವರ ಡಿಸ್ಕಿನಲ್ಲಿ ಒಂಬತ್ತು ಜಿ.ಬಿ. ತುಂಬಿತ್ತು. ನಕಲಾಗುತ್ತಿದ್ದುದು ಒಟ್ಟು ಎರಡು ಜಿ.ಬಿ.ಗಿಂತ ಕಡಿಮೆ. ಅಷ್ಟು ಚಿಕ್ಕದು ನಮ್ಮ ಅಂಗಡಿಯ ವಿಂಡೋಸ್ ಮಾತ್ರ.

ಲೋಟ ಎಲ್ಲಿ ಇಟ್ಟೆನೋ ಗೊತ್ತಿಲ್ಲ. ಗೋಡೆಯ ಸ್ವಿಚ್ಚನ್ನೇ ಆಫ್ ಮಾಡಿದೆ.

"ಎಂತ ಆಯ್ತು?"

ಆಗ ನಿಜ ಹೇಳಬಹುದಿತ್ತು. ಉತ್ತರ ಹುಡುಕಲು ಒಂದು ಕ್ಷಣವೂ ಬೇಕಾಗಿರಲಿಲ್ಲ, ಅದು ನಾಲಗೆಯ ಮೇಲೆಯೇ ಇತ್ತು. ಆದರೆ ಬಾಯಿಂದ ಬಂದದ್ದು ಬೇರೆ. "ನಿಮ್ಮ ಡಿಸ್ಕ್ ಮೊದ್ಲೇ ಹೋಗಿದೆ ಅಂತ ಕಾಣ್ತದೆ. ಓದ್ಲಿಕ್ಕೆ ಆಗ್ತಾ ಇಲ್ಲ." ಅಷ್ಟಕ್ಕೇ ನಿಲ್ಲಿಸಲಿಲ್ಲ. "ಶಟ್‌ಡೌನ್ ಮಾಡದೆ ಸೀದಾ ಸ್ವಿಚ್ ತೆಗಿತಿದ್ರಾ?" ಎಂದು ಕೇಳಿದೆ.

ಹಾಜಿಯವರು ತಮ್ಮ ಕೈಯನ್ನು ನೋಡಿಕೊಂಡರು. "ಎರಡು ಮೂರು ಸಲ ತೆಗ್ದಿದ್ದೇನೆ. ಅಸರ್ ನಮಾಜಿನ ಬಾಂಗ್ ಕೊಟ್ಟಾಗ ಹೊತ್ತಾಯ್ತು ಅಂತ."

"ಅದ್ರಿಂದ ಆಗಿರ್ಬಹುದು," ಎಂದೆ.

ಸೊಸೆ ನನ್ನ ಕಡೆ ತಿರುಗಿ ನೋಡಿದರು. ಹಾಜಿಯವರು, "ಇವರ ತಪ್ಪಲ್ಲ ಮಗಳೇ. ನನಗೇ ಗೊತ್ತಾಗ್ಲಿಲ್ಲ," ಎಂದರು. ಅವರು ನನ್ನ ಪರವಾಗಿ ಮಾತಾಡುತ್ತಿದ್ದರು. ನಾನು ತಲೆ ತಗ್ಗಿಸಿ ಸ್ಕ್ರೂ ಬಿಚ್ಚುತ್ತಿದ್ದೆ. ಅವರ ಡಿಸ್ಕನ್ನು ಅಂಗಡಿಯಲ್ಲಿ ನೋಡುತ್ತೇನೆಂದು ಚೀಲಕ್ಕೆ ಹಾಕಿ, ನಮ್ಮದನ್ನೇ ಅಲ್ಲಿ ಕೂರಿಸಿ ಕಂಪ್ಯೂಟರ್ ಚಾಲೂ ಮಾಡಿಕೊಟ್ಟೆ. ಹೊಸ ವಿಂಡೋಸ್ ಚೆನ್ನಾಗಿ ಓಡುತ್ತಿತ್ತು. ಹನ್ನೆರಡೂವರೆಯ ಬಸ್ಸು ಸಿಕ್ಕಿತು.

ಅಂಗಡಿಯಲ್ಲಿ ಯಜಮಾನರಿಗೆ, ಫರಂಗಿಪೇಟೆಯವರ ಡಿಸ್ಕ್ ಹಾಳಾಗಿತ್ತು, ನಮ್ಮದು ಹಾಕಿ ಬಂದೆ ಎಂದೆ. ಅವರು ಹೆಚ್ಚು ವಿಚಾರಿಸಲಿಲ್ಲ. ಡಿಸ್ಕಿನ ಮೇಲೆ 'ಹಾಳು' ಎಂದು ಬರೆದು ನನ್ನ ಮೇಜಿನ ಖಾನೆಯಲ್ಲಿ ಇಟ್ಟೆ.

ಇಲ್ಲಿ ಒಂದು ವಿಷಯ ಬಿಡದೆ ಹೇಳಬೇಕು. ಅದರಲ್ಲಿದ್ದದ್ದು ಪೂರ್ತಿ ಹೋಗಿಲ್ಲವೆಂದು ನನಗೆ ಗೊತ್ತಿತ್ತು. ಡಿಸ್ಕಿನ ಆರಂಭದಲ್ಲಿ ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ ಇರುತ್ತದೆ. ನಾನು ಅಳಿಸಿದ್ದು ಮೊದಲು ಆ ಪಟ್ಟಿಯನ್ನು, ಆಮೇಲೆ ಅದರ ಮುಂದಿನ ಒಂದು ಜಿ.ಬಿ. ಚಿಲ್ಲರೆಯನ್ನು. ಉಳಿದದ್ದು ಒಳಗೆ ಇರಬಹುದು, ಹುಡುಕಿ ತೆಗೆಯುವ ಪ್ರೋಗ್ರಾಂಗಳಿವೆ ಎಂದು ಓದಿದ್ದೆ. ಆದರೆ ಅದಕ್ಕೆ ಇನ್ನೊಂದು ಡಿಸ್ಕ್ ಬೇಕು, ಅಂಗಡಿಯ ಒಂದು ಕಂಪ್ಯೂಟರನ್ನು ದಿನಗಟ್ಟಲೆ ಹಿಡಿದಿಡಬೇಕು, ಏಕೆಂದು ಯಜಮಾನರಿಗೆ ಹೇಳಬೇಕು. ಹಾಗಾಗಿ ಖಾನೆ ತೆರೆಯಲಿಲ್ಲ. ದಿನಾ ಪುತ್ತಿಗೆಯ ಮನೆಯಿಂದ ಹೊರಟು ಮೂಡುಬಿದಿರೆಯಲ್ಲಿ ಬಸ್ಸು ಹಿಡಿದು, ಸಿದ್ದಕಟ್ಟೆ ದಾಟುವಾಗ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಬಿ.ಸಿ. ರೋಡಿನಲ್ಲಿ ಇಳಿದ ಮೇಲೆ ಬೇರೆ ಕೆಲಸ ನೆನಪಾಗುತ್ತಿತ್ತು.

ಎರಡು ವಾರ ಕಳೆದು ಹಾಜಿಯವರ ಸೊಸೆ ಅಂಗಡಿಗೆ ಬಂದರು. ಯಜಮಾನರು ಊಟಕ್ಕೆ ಹೋಗಿದ್ದರು.

"ಆ ಡಿಸ್ಕಿನ ವಿಷಯ ಎಂತ ಆಯ್ತು?"

"ನೋಡ್ತಾ ಇದ್ದೇನೆ. ಕಷ್ಟ ಉಂಟು."

"ಮಾವ ಕಂಪ್ಯೂಟರ್ ಮುಟ್ಟುದೇ ಇಲ್ಲ ಈಗ. ಬಟ್ಟೆ ಮುಚ್ಚಿ ಇಟ್ಟಿದ್ದಾರೆ. ಮೊನ್ನೆ ಶುಕ್ರವಾರ ಜುಮಾ ಮುಗಿದ ಮೇಲೆ ಎಲ್ಲರ ಎದುರು ನಿಂತು, ನನ್ನ ಅಜಾಗ್ರತೆಯಿಂದ ಹೋಯ್ತು, ಮಾಫ್ ಮಾಡ್ಬೇಕು ಅಂತ ಕೇಳಿದ್ರಂತೆ." ಅವರು ನನ್ನನ್ನು ನೇರವಾಗಿ ನೋಡಿದರು. "ನಾನು ಕೇಳುದು ಇಷ್ಟೇ. ಸ್ವಿಚ್ ತೆಗ್ದದ್ರಿಂದಲೇ ಹಾಳಾದದ್ದು ಅಂತ ಹೇಗೆ ಗೊತ್ತಾಗ್ತದೆ? ಬೇರೆ ಕಾರಣ ಇರ್ಲಿಕ್ಕಿಲ್ವಾ? ಹಾಗೆ ಒಂದು ಮಾತು ನೀವು ಹೇಳಿದ್ರೆ ಅವರಿಗೆ ಸಮಾಧಾನ ಆಗ್ತಿತ್ತು."

ಅವರು ಕೇಳುತ್ತಿದ್ದುದು ಸುಳ್ಳನ್ನಲ್ಲ, ನಿಜದ ಒಂದು ತುಣುಕನ್ನು. ಅಷ್ಟು ಕೊಟ್ಟರೆ ಉಳಿದದ್ದೂ ಹಿಂದೆಯೇ ಬಂದೀತು ಎಂದು ಹೆದರಿದೆ. "ಹೆಚ್ಚಾಗಿ ಅದ್ರಿಂದಲೇ ಆಗುದು ಟೀಚರ್," ಎಂದೆ.

"ಹಾಗಾದ್ರೆ ಆಯ್ತು," ಎಂದು ಕೊಡೆ ಬಿಡಿಸಿಕೊಂಡು ಮೆಟ್ಟಿಲಿಳಿದು ಹೋದರು. ಮೊದಲನೆಯ ಸುಳ್ಳಿಗೆ ಗಾಬರಿಯನ್ನಾದರೂ ಹೊಣೆ ಮಾಡಬಹುದು. ಈ ಎರಡನೆಯದನ್ನು ನಾನು ಯೋಚಿಸಿ ಹೇಳಿದ್ದು.

ಮುಂದಿನ ವಾರ ಬೆಳಿಗ್ಗೆ ಅಂಗಡಿಗೆ ಬಂದಾಗ ಯಜಮಾನರು ನನ್ನ ಮೇಜಿನ ಎದುರೇ ಕುಳಿತಿದ್ದರು. ಹಾಜಿಯವರ ಡಿಸ್ಕ್ ಕೇಬಲ್ಲಿಗೆ ಸಿಕ್ಕಿಸಿತ್ತು, ಎದುರಿನ ಪರದೆಯಲ್ಲಿ ಅದರ ತಪಾಸಣೆ ಆಗಷ್ಟೇ ಮುಗಿದಿತ್ತು.

"ಇದು ಹಾಳಾಗ್ಲಿಲ್ಲ ಮಾರಾಯ. ಒಂದು ಬ್ಯಾಡ್ ಸೆಕ್ಟರ್ ಇಲ್ಲ. ನೀನು ಸರಿ ನೋಡ್ಲಿಲ್ಲ ಕಾಣ್ತದೆ," ಎಂದರು. "ಬೆಳ್ತಂಗಡಿಯವ್ರಿಗೆ ಇವತ್ತು ಒಂದು ಡಿಸ್ಕ್ ಬೇಕಿತ್ತು. ಇದನ್ನೇ ಫಾರ್ಮ್ಯಾಟ್ ಮಾಡಿ ಹಾಕಿ ಕೊಡುವ. ಫರಂಗಿಪೇಟೆಯವ್ರಿಗೆ ನಮ್ಮದು ಹೋಗಿದೆಯಲ್ಲ. ಇದ್ರಲ್ಲಿ ಎಂತ ಇಲ್ಲ ತಾನೆ?"

ಅವರ ಕೈ ಕೀಲಿಮಣೆಯ ಮೇಲಿತ್ತು. ಇಲ್ಲ ಎಂದರೆ ಹತ್ತು ನಿಮಿಷದಲ್ಲಿ ಆ ಡಿಸ್ಕಿಗೆ ಹೊಸ ವಿಂಡೋಸ್ ಬೀಳುತ್ತದೆ, ಸಂಜೆಗೆ ಬೆಳ್ತಂಗಡಿಯ ಯಾವುದೋ ಮನೆ ಸೇರುತ್ತದೆ. ಆಮೇಲೆ ನಾನು ಮಾಡಿದ್ದನ್ನು ಯಾರೂ ಯಾವತ್ತೂ ಪತ್ತೆ ಮಾಡಲಾರರು. ನನಗೂ ಸಾಬೀತು ಮಾಡಲಾಗದು. ನನಗೆ ಬೇಕಾದದ್ದು ಅದೇ ಎಂದು ಮೂರು ವಾರ ಅಂದುಕೊಂಡಿದ್ದೆ. ಅದು ಎದುರಿಗೆ ಬಂದಾಗ ಮಾತ್ರ, ಆ ಕಬರ್ ತೋಡುವವರು ತೀರಿಹೋಗಿದ್ದಾರೆ ಎಂಬ ಒಂದೇ ಮಾತು ತಲೆಗೆ ಬಂತು.

"ಉಂಟು. ಒತ್ತಬೇಡಿ," ಎಂದೆ. ನನ್ನ ದನಿ ಎತ್ತರಕ್ಕೆ ಹೋಗಿರಬೇಕು. ಅವರು ಕೈ ಹಿಂದೆಗೆದರು. "ಅದು ಹಾಳಾದದ್ದಲ್ಲ. ನಾನು ಉಲ್ಟಾ ಕಾಪಿ ಮಾಡಿದ್ದು."

ಎಲ್ಲವನ್ನೂ ಹೇಳಿದೆ. ಯಜಮಾನರು ಬೈಯುತ್ತಾರೆಂದು ಕಾದೆ. ಅವರು ಕಂಪ್ಯೂಟರ್ ಆಫ್ ಮಾಡಿ ಡಿಸ್ಕನ್ನು ಬಿಡಿಸಿದರು. "ನಾನು ಜನರ ಎದುರು ನಿನ್ನ ಬಗ್ಗೆ ಎಂತ ಹೇಳ್ತಿದ್ದೆ ಗೊತ್ತುಂಟಲ್ಲ?" ಎಂದು ಎದ್ದು ಹೋದರು. ಮಧ್ಯಾಹ್ನ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ, ಪರಿಚಯದವರಿಂದ ಫೈಲ್ ಹುಡುಕುವ ಪ್ರೋಗ್ರಾಮಿನ ಸಿ.ಡಿ.ಯನ್ನೂ ಒಂದು ಹೊಸ ಡಿಸ್ಕನ್ನೂ ತಂದು ನನ್ನ ಮೇಜಿನ ಮೇಲೆ ಇಟ್ಟರು. "ಮೊದಲು ಚೀಟಿ ಅಂಟಿಸು," ಎಂದರು.

ಬಿಳಿ ಪ್ಲಾಸ್ಟರ್ ಹರಿದು ಎರಡಕ್ಕೂ ಅಂಟಿಸಿ ದಪ್ಪ ಪೆನ್ನಿನಲ್ಲಿ ಬರೆದೆ. ಹಾಜಿಯವರ ಡಿಸ್ಕಿಗೆ ಒಂದು ಅಕ್ಷರವನ್ನೂ ಬರೆಯಬಾರದು, ಓದುವುದು ಮಾತ್ರ. ಮೊದಲು ಅದನ್ನು ಇದ್ದ ಹಾಗೆಯೇ, ಖಾಲಿ ಜಾಗವನ್ನೂ ಬಿಡದೆ, ಹೊಸ ಡಿಸ್ಕಿಗೆ ನಕಲು ಮಾಡಿದೆ. ಒಳಗೇನಿದೆ ಎಂಬ ಪುಟವನ್ನು ಮೂರು ಸಲ ತೆರೆದು ನೋಡಿದೆ. ಯಜಮಾನರು ಹಿಂದೆ ನಿಂತು ಅವರೂ ನೋಡಿದರು. ಆಮೇಲೆ ಮೂಲವನ್ನು ತೆಗೆದಿಟ್ಟು ನಕಲಿನ ಮೇಲೆ ಹುಡುಕಾಟ ಶುರು ಮಾಡಿದೆ. ಪಟ್ಟಿ ಅಳಿದಿರುವುದರಿಂದ ಹೆಸರುಗಳು ಸಿಗುವುದಿಲ್ಲ. ಪ್ರೋಗ್ರಾಂ ಡಿಸ್ಕಿನ ಉದ್ದಕ್ಕೂ ನಡೆದು, ಇದು ಚಿತ್ರದ ಆರಂಭದಂತಿದೆ, ಇದು ಪತ್ರದ ಆರಂಭದಂತಿದೆ ಎಂದು ಗುರುತಿಸಿ, ಸಿಕ್ಕಿದ್ದಕ್ಕೆಲ್ಲ ಒಂದೊಂದು ನಂಬರು ಕೊಡುತ್ತದೆ. ಇಡೀ ದಿನ ಬೇಕಾಯಿತು. ಸಿಕ್ಕಿದ ಚಿತ್ರಗಳು ಸಾವಿರಾರು. ಮದುವೆಯ ಫೋಟೋ, ಕಾರಿನ ಚಿತ್ರ, ವಿಂಡೋಸಿನ ಸಣ್ಣ ಸಣ್ಣ ಗುರುತುಗಳು. ಒಂದೊಂದನ್ನೇ ತೆರೆದು ನೋಡಬೇಕು.

ಎರಡನೆಯ ದಿನ ಮಧ್ಯಾಹ್ನ ಮೊದಲ ಹಾಳೆ ಬಂತು. ಗೇರು ಮರ, ಎರಡು ಸಾಲು ಚೌಕ, ಹೆಸರುಗಳು. ಯಜಮಾನರನ್ನು ಕೂಗಿ ಕರೆದೆ. ನಾಲ್ಕು ದಿನಗಳಲ್ಲಿ ಪೂರ್ತಿಯಾಗಿ ಸಿಕ್ಕಿದ್ದು ಒಂಬತ್ತು ಹಾಳೆ. ಎರಡು ಅರ್ಧರ್ಧ ಸಿಕ್ಕವು. ಪೇಂಟ್ ತನ್ನ ಚಿತ್ರವನ್ನು ಕೆಳಗಿನ ಗೆರೆಯಿಂದ ಮೇಲಕ್ಕೆ ಬರೆದಿಡುತ್ತದೆ. ಹಾಗಾಗಿ ಮಧ್ಯದಲ್ಲಿ ತುಂಡಾದ ಹಾಳೆಗಳಲ್ಲಿ ಕೆಳಗಿನ ಸಾಲುಗಳು ಉಳಿದು ಮೇಲ್ಭಾಗ ಕಪ್ಪಾಗಿತ್ತು. ಮೂರು ಹಾಳೆ ಎಲ್ಲಿಯೂ ಸಿಗಲಿಲ್ಲ. ಅವು ನಾನು ಬರೆದ ಜಾಗದ ಕೆಳಗೆ ಹೋಗಿದ್ದವು.

ಮರುದಿನ ಫರಂಗಿಪೇಟೆಗೆ ಹೋದೆ. ಯಜಮಾನರು ತಾನೂ ಬರುತ್ತೇನೆಂದರು. ಬೇಡ ಎಂದೆ.

ಹಾಜಿಯವರು ಜಗಲಿಯಲ್ಲಿದ್ದರು, ಸೊಸೆ ಶಾಲೆಯಿಂದ ಆಗಷ್ಟೇ ಬಂದಿದ್ದರು. ಸಿಕ್ಕಿದ ಹಾಳೆಗಳ ಪ್ರಿಂಟನ್ನು ಮೊದಲು ಕೊಟ್ಟರೆ ಅವರಿಗೆ ಆಗುವ ಸಂತೋಷದಲ್ಲಿ ನನ್ನ ತಪ್ಪು ಮುಚ್ಚಿಹೋಗುತ್ತದೆ ಎಂದು ಬಸ್ಸಿನಲ್ಲಿ ಯೋಚಿಸಿದ್ದೆ. ಯೋಚಿಸಿದ್ದಕ್ಕೇ ನಾಚಿಕೆಯಾಗಿ, ಲಕೋಟೆಯನ್ನು ಚೀಲದಲ್ಲಿಯೇ ಬಿಟ್ಟು ನಿಂತುಕೊಂಡೇ ಹೇಳಿದೆ.

ಹಾಜಿಯವರು ಪೂರ್ತಿ ಕೇಳಿದರು. ಆಮೇಲೆ, "ಆ ದಿನ ಸ್ವಿಚ್ ತೆಗ್ದಿದ್ದೀರಾ ಅಂತ ನನ್ನ ಹತ್ರ ಕೇಳಿದ್ರಲ್ಲ. ಆಗ ನಿಮಗೆ ಗೊತ್ತಿತ್ತಾ?" ಎಂದರು.

"ಗೊತ್ತಿತ್ತು."

"ನಾನು ಅಂಗಡಿಗೆ ಬಂದು ಕೇಳಿದಾಗ್ಲೂ?" ಎಂದರು ಸೊಸೆ.

"ಆಗ್ಲೂ."

ಅವರು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

"ಕೈ ತಪ್ಪುದು ಯಾರಿಗೂ ಉಂಟು," ಎಂದರು ಹಾಜಿಯವರು. "ಮಿಲ್ಲಿನಲ್ಲಿ ನಾನೂ ಅಳತೆ ತಪ್ಪಿದ್ದೇನೆ. ಅದಕ್ಕೆ ನಾನು ಎಂತ ಹೇಳುದಿಲ್ಲ. ಆದ್ರೆ ಒಂದು ತಿಂಗಳು ನಾನು ತಲೆ ತಗ್ಗಿಸಿ ಪಳ್ಳಿಗೆ ನಮಾಜಿಗೆ ಹೋಗಿದ್ದೇನೆ ಮಾರಾಯ್ರೆ. ಮುದುಕನಿಗೆ ಇದೆಲ್ಲ ಯಾಕೆ ಬೇಕಿತ್ತು ಅಂತ ನನಗೇ ಅನಿಸಿತ್ತು."

ಆಮೇಲೆ ಲಕೋಟೆ ಕೊಟ್ಟೆ. ಅವರು ಕನ್ನಡಕ ಹಾಕಿ ಒಂದೊಂದು ಹಾಳೆಯನ್ನೂ ಬೆಳಕಿಗೆ ಹಿಡಿದು ನೋಡಿದರು. ಉಳಿದದ್ದನ್ನು ಹೇಗೆ ಹುಡುಕಿದ್ದೆಂದು ಕೇಳಿದರು. ಪಟ್ಟಿ ಅಳಿದದ್ದನ್ನು ವಿವರಿಸಿದೆ.

"ಅಂದ್ರೆ ಒಳಗೆ ಎಲ್ಲ ಇದ್ರು. ಯಾರು ಎಲ್ಲಿ ಅಂತ ಮಾತ್ರ ಗೊತ್ತಿಲ್ಲ," ಎಂದರು. ನಕ್ಕರೋ ಇಲ್ಲವೋ, ನನಗೆ ಮುಖ ಎತ್ತಿ ನೋಡಲಾಗಲಿಲ್ಲ.

"ಶುಕ್ರವಾರ ನಾನು ಬಂದು ನಿಮ್ಮವರ ಎದುರು ಹೇಳ್ತೇನೆ," ಎಂದೆ.

ಅವರು ಬೇಡ ಎನ್ನುತ್ತಾರೆಂದು ಒಳಗೊಳಗೇ ಆಸೆಯಿತ್ತು. "ಬನ್ನಿ," ಎಂದರು.

ಜುಮಾ ಮುಗಿದು ಜನ ಹೊರಗೆ ಬರುವಾಗ ಮಸೀದಿಯ ಅಂಗಳದ ಬದಿಯಲ್ಲಿ ಹಾಜಿಯವರ ಪಕ್ಕ ನಿಂತೆ. ಇಪ್ಪತ್ತು ಮೂವತ್ತು ಮಂದಿ ನಿಂತರು. ಹಾಜಿಯವರು ನನ್ನನ್ನು ತೋರಿಸಿ, "ಇವರಿಗೆ ಒಂದು ಮಾತು ಹೇಳ್ಲಿಕ್ಕುಂಟು," ಎಂದಷ್ಟೇ ಹೇಳಿದರು. ನಾನು ತುಳುವಿನಲ್ಲಿ ಹೇಳಿದೆ. ಹಾಜಿಯವರು ಏನೂ ಹಾಳು ಮಾಡಿಲ್ಲ, ಹಾಳು ಮಾಡಿದವನು ನಾನು, ಗೊತ್ತಿದ್ದೂ ಅವರ ಮೇಲೆ ಹಾಕಿದೆ. ಮೂರು ವಾಕ್ಯ. ಒಬ್ಬರು ಜೋರಾಗಿ, "ಇದನ್ನು ಹೇಳ್ಲಿಕ್ಕೆ ಒಂದು ತಿಂಗಳು ಬೇಕಿತ್ತಾ?" ಎಂದರು. ಯಾರೂ ಅವರನ್ನು ತಡೆಯಲಿಲ್ಲ. ಬೇಕಿರಲಿಲ್ಲ ಎಂದೆ.

ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಒಬ್ಬರು ಮುಂದೆ ಬಂದು, ಹೋದ ಹಾಳೆಗಳು ಯಾವ ಕಡೆಯವು ಎಂದು ಕೇಳಿದರು. ಬಾವಿಯ ಬದಿಯವು ಎಂದರು ಹಾಜಿಯವರು. "ಅಲ್ಲಿ ನನ್ನ ಉಮ್ಮ ಇದ್ದಾರೆ, ನನ್ನ ತಾಯಿ. ಬಾವಿಯಿಂದ ನಾಲ್ಕನೇದು. ಬರ್ಕೊಳ್ಳಿ," ಎಂದರು ಅವರು. ಹಾಜಿಯವರು ನನ್ನ ಕಡೆ ನೋಡಿದರು. ನಾನು ಪೆನ್ನು ತೆಗೆದೆ.

ಆಮೇಲೆ ಆರು ಶುಕ್ರವಾರ ಹೋದೆ. ಜನ ತಮ್ಮ ತಮ್ಮವರನ್ನು ಹೇಳುತ್ತಿದ್ದರು, ಮನೆಯ ಹೆಂಗಸರನ್ನು ಕೇಳಿ ಬಂದು ತಿದ್ದುತ್ತಿದ್ದರು. ಹಾಜಿಯವರು ನೆನಪಿನಿಂದ ಕೆಲವನ್ನು ತುಂಬಿದರು. ಬರೆದದ್ದನ್ನು ಅವರ ಮನೆಗೆ ಹೋಗಿ ಇಬ್ಬರೂ ಕೂತು ಪೇಂಟ್‌ನಲ್ಲಿ ಹಾಕುತ್ತಿದ್ದೆವು. ಸೊಸೆ ಚಹಾ ತಂದಿಡುತ್ತಿದ್ದರು, ನನ್ನೊಡನೆ ಮಾತಾಡುತ್ತಿರಲಿಲ್ಲ.

ಕೊನೆಗೆ ಹನ್ನೊಂದು ಕಬರ್ ಉಳಿದವು. ಅವುಗಳ ಕಡೆಯವರು ಯಾರೂ ಊರಲ್ಲಿರಲಿಲ್ಲ, ಹಾಜಿಯವರಿಗೂ ನೆನಪಾಗಲಿಲ್ಲ. ತೀರಿಹೋದವರು ಹೇಳಿ ಬರೆಸಿದ್ದ ಆ ಹನ್ನೊಂದು ಹೆಸರುಗಳು ನನ್ನ ಒಂದು ಕೀಲಿಗೆ ಹೋದವು.

"ಇಲ್ಲಿ ಎಂತ ಹಾಕುದು?" ಎಂದು ಕೇಳಿದೆ. "ಗೊತ್ತಿಲ್ಲ ಅಂತ ಬರಿಯುದಾ?"

ಹಾಜಿಯವರು ಯೋಚಿಸಿದರು. "ಬೇಡ. ಚೌಕ ಹಾಕಿ, ಖಾಲಿ ಬಿಡಿ. ಅಲ್ಲಿ ಜನ ಇದ್ದಾರೆ ಅಂತ ಗೊತ್ತಾದ್ರೆ ಸಾಕು. ಯಾರೂ ಅದ್ರ ಮೇಲೆ ತೋಡ್ಬಾರ್ದು."

ಎದ್ದು ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟರು. ನಾನು ಮೌಸ್ ಹಿಡಿದು ಒಂದೊಂದಾಗಿ ಹನ್ನೊಂದು ಚೌಕಗಳನ್ನು ಬಿಡಿಸಿದೆ.